ಮುಹೂರ್ತ: ಮಾಮಾ ಬಂದ ಮೇಲೆ

ಭಾಲ್ಕಿ
2 ನವೆಂಬರ್ 2025

ಪ್ರೀತಿಯ ಮಾಮಾ,

ಗೆದ್ದೆ! ಮೊದಲು ಈ ಒಂದು ಮಾತು ಓದಿಕೊಳ್ಳಿ, ಉಳಿದದ್ದು ಆಮೇಲೆ. ಮದುವೆ ಡಿಸೆಂಬರ್ 21, ಭಾನುವಾರ, ಇಲ್ಲೇ ಭಾಲ್ಕಿಯಲ್ಲಿ. ಹುಡುಗ ನಾನು ಬೇಸಿಗೆಯಲ್ಲೇ ಬರೆದಿದ್ದ ಸಾರಂಗ. ಊರು ಔರಾದ ತಾಲ್ಲೂಕಿನ ಸಂತಪುರ, ದನದ ದವಾಖಾನೆಯಲ್ಲಿ ನೌಕರಿ. ವರದಕ್ಷಿಣೆ ಇಲ್ಲ, ಬ್ಯಾಂಡು ಇಲ್ಲ, ಕುದುರೆ ಇಲ್ಲ. ಭಟ್ಟರೂ ಇಲ್ಲ, ಮುಹೂರ್ತವೂ ಇಲ್ಲ. ಹಾರ ಬದಲಿಸುತ್ತೇವೆ, ಬಂದವರು ಅಕ್ಷತೆ ಹಾಕುತ್ತಾರೆ, ಮರುದಿನ ನೋಂದಣಿ ಕಚೇರಿಯಲ್ಲಿ ರುಜು. ಬಸ್ ನಿಲ್ದಾಣದ ಎದುರಿನ ಪುಸ್ತಕದಂಗಡಿಯ ಕಿರುಹೊತ್ತಿಗೆಗಳನ್ನು ಓದಿ ಹುಡುಗಿ ಕೆಟ್ಟಳು ಎನ್ನುತ್ತಿದ್ದವರು ಈಗ ಬಾಯಿ ಮುಚ್ಚಿದ್ದಾರೆ. ಪೂರ್ತಿ ಮುಚ್ಚಿಲ್ಲ, ಅರ್ಧ.

ಸಂತಪುರದವರು ಮಾತುಕತೆಗೆ ಬಂದ ದಿನ ನೀವಿರಬೇಕಿತ್ತು. ಅಪ್ಪನ ತಮ್ಮ ಮಚ್ಛೇಂದ್ರ ಕಾಕಾ ಗೋಡೆಗೆ ಒರಗಿ ಕೂತು ತಾರೀಖು ಕೇಳಿದವರೇ ಎದ್ದು ನಿಂತರು.

"ಧನುರ್ಮಾಸದಾಗ ಮದುವಿ? ಕೇಳಿದವರು ಏನಂದಾರು?"

"ಹಾಲ್ ಖಾಲಿ ಸಿಕ್ತದ ಅಂದಾರ್ರಿ ಕಾಕಾ," ಎಂದೆ.

"ಎಲ್ಲಾ ಬಿಟ್ಟೀ ಅಂದಮ್ಯಾಲ, ಮಾಮಾ ಹಿಂದ ನಿಂದ್ರೋದೂ ಬ್ಯಾಡೇನು ಮತ್ತ?"

ಮಾಮಾ, ಇದು ನಮ್ಮ ಕಡೆಯ ಪದ್ಧತಿ. ತಾಯಿಯ ತಮ್ಮ ಮದುಮಗಳ ಕೈ ಹಿಡಿದು ಕರೆತರಬೇಕು, ಕೊನೆಯ ಅಕ್ಷತೆ ಬೀಳುವವರೆಗೆ ಅವಳ ಬೆನ್ನ ಹಿಂದೆ ನಿಂತಿರಬೇಕು. ಇದು ತಪ್ಪು ಎಂದು ನನ್ನ ಯಾವ ಹೊತ್ತಿಗೆಯಲ್ಲೂ ಬರೆದಿಲ್ಲ. ಎಲ್ಲವನ್ನೂ ಮತ್ತೆ ತಿರುವಿ ನೋಡಿದ್ದೇನೆ.

"ಅದೊಂದು ಬೇಕ್ರಿ," ಎಂದೆ.

ಇಡೀ ಮನೆ ನಕ್ಕಿತು. "ಕ್ರಾಂತಿ ಮಾಮಾನ ತನಕ ಬಂದು ಬ್ರೇಕ್ ಹಾಕ್ತು ನೋಡ್ರಿ," ಎಂದರು ಕಾಕಾ.

ನಗಲಿ. ಈಗ ನಿಜವಾದ ಸುದ್ದಿ ಕೇಳಿ. ಯುಗಾದಿಯಿಂದ ಒಂದು ವರ್ಷ ಮೊಬೈಲ್ ಮುಟ್ಟುವುದಿಲ್ಲ ಎಂಬ ನನ್ನ ಪ್ರತಿಜ್ಞೆ ನಿಮಗೆ ಗೊತ್ತೇ ಇದೆ. ಆದ್ದರಿಂದ ಬೀದರಕ್ಕೆ ಹೋಗಿ, ಅಲ್ಲಿನ ಚಿದ್ರಿ ಬಡಾವಣೆಯಲ್ಲಿ ಕಾರ್ಡು ಅಚ್ಚು ಮಾಡುವ ನನ್ನ ಗೆಳತಿ ಫರ್ಹೀನಳ ಕಂಪ್ಯೂಟರಿನಲ್ಲಿ ನೋಡಿದೆವು. ಊರಿನಿಂದ ಊರಿಗೆ ದೂರ ತೋರಿಸುವ ಒಂದು ಪುಟ. ಅವಳು ಭಾಲ್ಕಿ ಎಂದು ಬರೆದಳು, ದಿಬ್ರುಗಢ ಎಂದು ಬರೆದಳು. ಭೂಪಟದ ಮೇಲೆ ದಾರ ಎಳೆದು ಕಟ್ಟಿದ ಹಾಗೆ ನೆಟ್ಟಗೆ ಒಂದು ಗೆರೆ ಬಂತು! ಎರಡು ಸಾವಿರದ ಎಂಬತ್ತು ಕಿಲೋಮೀಟರು, ವಿಮಾನದ ಸಮಯ ಮೂರು ತಾಸು ಐದು ನಿಮಿಷ.

"ಅರೆ ಸಾನಿ, ತೀನ್ ಘಂಟೆ! ನಿಮ್ಮ ಮಾಮಾ ಚಾ ಕುಡದು ಬಿಟ್ಟರ ಊಟಕ್ಕ ಇಲ್ಲಿರ್ತಾರ!" ಎಂದು ಅವಳು ಕುರ್ಚಿಯಿಂದ ಜಿಗಿದಳು.

ಇಲ್ಲಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಒಂದು ರಾತ್ರಿ ಬೇಕು ಮಾಮಾ. ನಮ್ಮ ರಾಜಧಾನಿಗಿಂತ ನೀವು ನಮಗೆ ಹತ್ತಿರ! ಬೀದರದಲ್ಲಿ ಇಳಿಯಿರಿ, ಫರ್ಹೀನಳ ಅಣ್ಣ ಒವೈಸ ಜೀಪು ತಂದು ನಿಂತಿರುತ್ತಾನೆ. ಭಟ್ಟರ ಮುಹೂರ್ತ ಬೇಡವೆಂದ ಮೇಲೆ ಕಾರ್ಡಿನಲ್ಲಿ ಆ ಜಾಗ ಖಾಲಿ ಬಿಡುವುದೇಕೆ? ಹೀಗೆ ಅಚ್ಚು ಹಾಕಿಸಿದ್ದೇನೆ: "ಮುಹೂರ್ತ: ಮಾಮಾ ಬಂದ ಮೇಲೆ." ಒಂದು ಕಾರ್ಡು ಇದರೊಳಗೆ ಇಟ್ಟಿದ್ದೇನೆ. ನಮ್ಮ ಮಾಮಾ ವಿಮಾನ ನಿಲ್ದಾಣದಲ್ಲೇ ನೌಕರಿ ಮಾಡುವವರು, ಹಾರಿಕೊಂಡು ಬರುತ್ತಾರೆ ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದೇನೆ.

ನಿಮ್ಮ ಸಾನಿಕಾ

*

ದಿಬ್ರುಗಢ
11 ನವೆಂಬರ್ 2025

ಸಾನಿ,

ನಿನ್ನ ಕಾಗದ ಬಂದ ದಿನ ಹಗಲು ಪಾಳಿ ಇತ್ತು. ಬೆಂಕಿ ಆರಿಸುವ ಗಾಡಿಯ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದೆ. ಕಾರ್ಡನ್ನು ಜೊತೆಯವರಿಗೆಲ್ಲ ತೋರಿಸಿದೆ. ಅವರಿಗೆ ಕನ್ನಡ ಬರುವುದಿಲ್ಲ, ಆದರೆ ನನ್ನ ಮುಖ ನೋಡಿಯೇ ಚಹಾ ಕುಡಿಸು ಎಂದರು, ಕುಡಿಸಿದೆ. ಅಕ್ಕನಿಗೆ ಫೋನು ಮಾಡಿದೆ. ಅವಳು ಅತ್ತಳು, ನಾನು ಹೂಂ ಹೂಂ ಅಂದೆ. ಫೋನಿನಲ್ಲಿ ನನಗೆ ಅದಕ್ಕಿಂತ ಹೆಚ್ಚು ಬರುವುದಿಲ್ಲ.

ಆ ಪುಟದ ವಿಷಯ. ಅದು ಹೇಳುವ ಮೂರು ತಾಸು, ಕಾಗೆ ನೆಟ್ಟಗೆ ಹಾರುವ ಲೆಕ್ಕ. ಇಲ್ಲಿಂದ ಬೀದರಕ್ಕೆ ವಿಮಾನವೇ ಇಲ್ಲ, ತಾಯಿ. ಗೆರೆ ಎಳೆಯುವವರು ಎಳೆದರು, ಅದರ ಮೇಲೆ ಹಾರುವವರು ಯಾರೂ ಇಲ್ಲ. ನಾನು ಯಾವಾಗಲೂ ರೈಲಿನಲ್ಲೇ ಬಂದವನು. ಮೂರು ದಿನ ಬೇಕು, ತಿರುಗಿ ಬರಲು ಮತ್ತೆ ಮೂರು. ಡಿಸೆಂಬರ್ ಎಂದರೆ ಇಲ್ಲಿ ಮಂಜಿನ ಕಾಲ. ನಮ್ಮ ಅಗ್ನಿಶಾಮಕ ಠಾಣೆಗೆ ಅದೇ ಕಷ್ಟದ ತಿಂಗಳು. ದಟ್ಟ ಮಂಜಿನಲ್ಲಿ ವಿಮಾನ ಇಳಿಯುವಾಗ ನಾವು ಓಡುದಾರಿಯ ಪಕ್ಕ ಗಾಡಿ ಚಾಲೂ ಇಟ್ಟುಕೊಂಡು ನಿಲ್ಲುತ್ತೇವೆ. ಅದು ಸುಖವಾಗಿ ಮುಟ್ಟಿತು ಎಂದು ನಿಯಂತ್ರಣ ಗೋಪುರದಿಂದ ಮಾತು ಬರುವವರೆಗೆ ಇಂಜಿನ್ ಬಂದ್ ಮಾಡುವಂತಿಲ್ಲ. ಇಂಥ ಹೊತ್ತಿನಲ್ಲಿ ರಜೆ ಸಿಗುವುದು ಕಷ್ಟ.

ನಮ್ಮ ಚಿಕ್ಕಪ್ಪನ ಮಗ ಸ್ವಪ್ನಿಲ ಇದ್ದಾನಲ್ಲ, ಅವನೂ ನಿನಗೆ ಮಾಮಾನೇ. ಅವನು ಹಿಂದೆ ನಿಂತರೆ ನಾನು ನಿಂತ ಹಾಗೆಯೇ. ಇಲ್ಲಿನ ಎರಿ ರೇಷ್ಮೆಯ ಶಾಲು ಕಳಿಸುತ್ತೇನೆ. ಚಳಿಗೆ ಒಳ್ಳೆಯದು.

ನಿನ್ನ ಮಾಮಾ,
ಪಾಂಡುರಂಗ

*

ಭಾಲ್ಕಿ
19 ನವೆಂಬರ್ 2025

ಪ್ರೀತಿಯ ಮಾಮಾ,

ಶಾಲು ಬೇಡ. ಸ್ವಪ್ನಿಲನೂ ಬೇಡ. ನನ್ನ ರಕ್ತ ಕುದಿಯುತ್ತಿದೆ!

ಹನ್ನೊಂದು ವರ್ಷ ಆ ಬಯಲಿನಲ್ಲಿ ಮಳೆಗೆ, ಮಂಜಿಗೆ ನಿಂತು ಊರವರ ಜೀವ ಕಾಯುವ ಮನುಷ್ಯನಿಗೆ ಅಕ್ಕನ ಮಗಳ ಮದುವೆಗೆ ರಜೆ ಇಲ್ಲವೇ? ನಿಮ್ಮ ಕಾಗದದಲ್ಲಿ ಒಂದು ಸಿಟ್ಟಿನ ಮಾತೂ ಇಲ್ಲ. ಅನ್ಯಾಯ ಸಹಿಸಿ ಸಹಿಸಿ ಅದು ಅನ್ಯಾಯವೆಂಬುದೇ ಮರೆತುಹೋಗುತ್ತದೆ ಎಂದು ನಾನು ಓದಿದ್ದೆ, ಈಗ ಕಣ್ಣಾರೆ ಕಂಡೆ.

ಗೆರೆಯ ವಿಷಯದಲ್ಲಿ ತಪ್ಪು ನನ್ನದು, ಒಪ್ಪಿದೆ. ಫರ್ಹೀನಳೂ ಒಪ್ಪಿದಳು. ಅವಳು ಆ ಪುಟವನ್ನು ಬೈದ ಬೈಗುಳ ಇಲ್ಲಿ ಬರೆಯಲಾರೆ. ಆದರೆ ನಾವು ಸುಮ್ಮನೆ ಕೂರಲಿಲ್ಲ. ದಿಬ್ರುಗಢದಿಂದ ಕೋಲ್ಕತ್ತಾ, ಕೋಲ್ಕತ್ತಾದಿಂದ ಹೈದರಾಬಾದ. ಎರಡು ವಿಮಾನ, ಅಷ್ಟೇ! ಹೈದರಾಬಾದಿನಿಂದ ಒವೈಸ ಜೀಪಿನಲ್ಲಿ ಕರೆತರುತ್ತಾನೆ. ಬೆಳಗ್ಗೆ ಅಲ್ಲಿ ಬಿಟ್ಟರೆ ರಾತ್ರಿ ಅವ್ವನ ಕೈಯ ರೊಟ್ಟಿ. ಮೂರು ತಾಸಲ್ಲ, ಒಂದು ಹಗಲು. ಒಂದು ಹಗಲು ಹೆಚ್ಚೇನು?

ಉಳಿದದ್ದು ರಜೆ. ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ನಮ್ಮ ಮಹಿಳಾ ಓದುಗರ ಕೂಟದಿಂದ ನಿಮ್ಮ ಸಾಹೇಬರಿಗೆ ಒಂದು ಮನವಿ ಹೋಗಿದೆ. "ದುಡಿಯುವವನ ರಜೆ ಭಿಕ್ಷೆಯಲ್ಲ, ಹಕ್ಕು" ಎಂದು ಶುರುವಾಗುತ್ತದೆ. ನಮ್ಮ ಓಣಿಯ ಹೆಂಗಸರೆಲ್ಲ ರುಜು ಹಾಕಿದ್ದಾರೆ. ಓದು ಬಾರದ ವಜೀರಬೀ ಹೆಬ್ಬೆಟ್ಟು ಒತ್ತಿ, "ನಿಮ್ಮ ಸಾಹೇಬಗ ನಂದೂ ಒಂದು ಬೈಗಳ ಬರಿ," ಎಂದರು. ಬರೆಯಲಿಲ್ಲ.

ಸಾರಂಗ ಬಂದಿದ್ದ. ಮನವಿ ಓದಿ ತಲೆ ಕೆರೆದುಕೊಂಡ.

"ಮಾಮಾಗ ವಿಮಾನದ ಅಂಜಿಕಿ ಇರಬಹುದು ನೋಡು," ಎಂದ.

"ವಿಮಾನದ ಬಾಜೂಕೇ ನೌಕರಿ ಮಾಡೋರಿಗೆ ವಿಮಾನದ ಅಂಜಿಕಿನಾ?" ಎಂದೆ.

"ನಾ ದನದ ಬಾಜೂಕೇ ನೌಕರಿ ಮಾಡ್ತೇನಿ. ಹೋರಿ ಕಂಡರ ಈಗೂ ಅಂಜ್ತೇನಿ."

ಇಂಥವನನ್ನು ಮದುವೆಯಾಗುತ್ತಿದ್ದೇನೆ, ನೋಡಿ. ನಿಮ್ಮ ಬಗ್ಗೆ ಹೀಗೆ ಮಾತಾಡಬೇಡ ಎಂದು ಸರಿಯಾಗಿ ಬೈದೆ. ಬೀದರದಲ್ಲಿ ಓದುವಾಗ ವಾಯುಪಡೆಯ ತರಬೇತಿ ವಿಮಾನ ತಲೆಯ ಮೇಲೆ ಹಾದರೆ ನಮ್ಮ ಮೇಡಂ ಪಾಠ ನಿಲ್ಲಿಸುತ್ತಿದ್ದರು. ಆ ಹೊತ್ತಿನಲ್ಲಿ ನಾನು ಪಕ್ಕದವಳಿಗೆ ಹೇಳುತ್ತಿದ್ದೆ, "ನಮ್ಮ ಮಾಮಾ ಇದಕ್ಕೆಲ್ಲ ಅಂಜಂಗಿಲ್ಲ."

ಹೋರಾಟ ಚಾಲೂ ಇದೆ.

ನಿಮ್ಮ ಸಾನಿಕಾ

*

ದಿಬ್ರುಗಢ
29 ನವೆಂಬರ್ 2025

ಸಾನಿ,

ನಿನ್ನ ಮನವಿ ಮುಟ್ಟಿತು. ಏನಾಯಿತು ಎಂದು ಕೇಳು.

ಸಾಹೇಬರು ಅಸ್ಸಾಮಿನವರು. ಕೆಂಪು ಶಾಯಿಯ ಅಕ್ಷರ, ಕೆಳಗೆ ಸಾಲು ಸಾಲು ರುಜು, ಒಂದು ಹೆಬ್ಬೆಟ್ಟು. ಯಾವುದೋ ಬೆದರಿಕೆ ಪತ್ರವೆಂದುಕೊಂಡು ಕನ್ನಡ ಬಲ್ಲವರು ಯಾರು ಎಂದು ವಿಚಾರಿಸಿದರು. ಈ ನಿಲ್ದಾಣಕ್ಕೆಲ್ಲ ಕನ್ನಡ ಬಲ್ಲವನು ನಾನೊಬ್ಬನೇ. ಬೆಳಗಿನ ಹಾಜರಿಗೆ ಎಲ್ಲರೂ ಸಾಲಾಗಿ ನಿಂತಿದ್ದಾಗ ನನ್ನನ್ನು ಮುಂದೆ ಕರೆದು, ಹಿಂದಿಯಲ್ಲಿ ಗಟ್ಟಿಯಾಗಿ ಓದು ಎಂದರು. ನನ್ನ ರಜೆಯ ಹೋರಾಟವನ್ನು ನಾನೇ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತು ಓದಿದೆ. ಹಕ್ಕು ಎಂಬಲ್ಲಿ ಹುಡುಗರು ಚಪ್ಪಾಳೆ ಹೊಡೆದರು. "ಹನ್ನೊಂದು ವರ್ಷದ ಶೋಷಣೆ" ಎಂಬಲ್ಲಿ ಸಾಹೇಬರೇ ನಕ್ಕುಬಿಟ್ಟರು.

ಆಮೇಲೆ ಕೇಳಿದರು: "ಪಾಂಡುರಂಗ, ನೀನು ರಜೆ ಕೇಳಿದ್ದು ಯಾವಾಗ?"

ನಾನು ಕೇಳಿರಲೇ ಇಲ್ಲ, ಸಾನಿ.

ಐದು ದಿನ ಕೊಟ್ಟಿದ್ದಾರೆ. ಈ ಕಾಲದಲ್ಲಿ ಅದಕ್ಕಿಂತ ಹೆಚ್ಚು ಕೊಡಲು ಆಗುವುದಿಲ್ಲ, ವಿಮಾನದಲ್ಲಿ ಹೋಗಿ ಬಾ ಎಂದರು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ನಿನ್ನ ಸಾರಂಗ ಸರಿಯಾಗಿ ಹೇಳಿದ. ಅವನನ್ನು ಬೈಯಬೇಡ.

ಬಯಲಿನ ಮೂಲೆಯಲ್ಲಿ ನಮ್ಮದೊಂದು ಕಬ್ಬಿಣದ ವಿಮಾನವಿದೆ. ರೆಕ್ಕೆ ಅರ್ಧ, ಬಣ್ಣವಿಲ್ಲ, ಎಲ್ಲಿಗೂ ಹಾರದು. ಅಭ್ಯಾಸಕ್ಕೆಂದು ಅದಕ್ಕೆ ಬೆಂಕಿ ಹಚ್ಚುತ್ತೇವೆ. ಒಳಗೆ ಸೀಟುಗಳಲ್ಲಿ ಮನುಷ್ಯರಷ್ಟೇ ಭಾರದ ಗೊಂಬೆಗಳನ್ನು ಕೂರಿಸಿರುತ್ತೇವೆ. ಹೊಗೆಯಲ್ಲಿ ತಡಕಾಡಿ ಒಂದೊಂದನ್ನೇ ಹೊತ್ತು ತರುವುದು ನನ್ನ ಕೆಲಸ. ಕಿಟಕಿಯ ಪಕ್ಕದ ಗೊಂಬೆ ಯಾವಾಗಲೂ ಕೊನೆಗೆ ಸಿಗುತ್ತದೆ. ನಿಜದ ವಿಮಾನ ಒಂದಾದರೂ ನನ್ನ ಎದುರು ಉರಿದದ್ದಿಲ್ಲ. ಆದರೂ ಜನ ನಗುತ್ತ ಮೆಟ್ಟಿಲು ಹತ್ತುವಾಗ ನಾನು ಅವರ ಮುಖ ನೋಡುವುದಿಲ್ಲ, ಯಾರು ಕಿಟಕಿಯ ಪಕ್ಕ ಕೂರುತ್ತಾರೆ ಎಂದು ನೋಡುತ್ತೇನೆ. ಇಷ್ಟು ವರ್ಷ ವಿಮಾನದ ಬದಿಗೆ ಬದುಕಿದೆ, ಒಂದರಲ್ಲೂ ಕೂತಿಲ್ಲ.

ನೀನು ಊರಿಗೆಲ್ಲ ಸಾರಿದ ಮಾಮಾ ಇವನು. ಐದು ದಿನದಲ್ಲಿ ರೈಲು ಹೋಗಿ ಬರುವುದಿಲ್ಲ, ವಿಮಾನ ಹತ್ತಲು ನನ್ನ ಕಾಲು ಬರುವುದಿಲ್ಲ. ಸ್ವಪ್ನಿಲನಿಗೆ ನಾನೇ ಹೇಳುತ್ತೇನೆ.

ಪಾಂಡುರಂಗ

*

ಭಾಲ್ಕಿ
7 ಡಿಸೆಂಬರ್ 2025

ಮಾಮಾ,

ನಿಮ್ಮ ಕಾಗದ ಓದಿದ ದಿನ ಒಂದು ಹೊತ್ತಿಗೆಯನ್ನೂ ಮುಟ್ಟಲಿಲ್ಲ. ಅದನ್ನು ಕಂಡು ಅವ್ವ ಅಂಜಿ, ಹಣೆ ಮುಟ್ಟಿ ನೋಡಿದಳು.

ಮೊದಲು ನನ್ನ ಮೇಲೆಯೇ ಸಿಟ್ಟು ಬಂತು. ನಿಮ್ಮನ್ನು ಕೇಳದೆ ನಿಮ್ಮನ್ನು ಧೀರನನ್ನಾಗಿ ಮಾಡಿದೆ, ಶೋಷಿತನನ್ನಾಗಿಯೂ ಮಾಡಿದೆ. ಎರಡೂ ನನ್ನ ಹೊತ್ತಿಗೆಗಳಿಂದ ಎತ್ತಿದ ಮಾತು. ನೀವು ಹೇಗಿದ್ದೀರಿ ಎಂದು ಮಾತ್ರ ಕೇಳಲಿಲ್ಲ. ಸಾರಂಗನ ಕ್ಷಮೆ ಕೇಳಿದೆ. "ಹೋರಿ ಮುಂದ ನಿಲ್ಲಂದ್ರ ನಿಲ್ಲಂಗಿಲ್ಲ, ಈಗೇ ಹೇಳ್ತೇನಿ," ಎಂದ.

ಆಮೇಲೆ ಒಂದು ಉಪಾಯ ಹೊಳೆಯಿತು, ಹೊಳೆದ ಕೂಡಲೇ ಚಪ್ಪಲಿ ಮೆಟ್ಟದೆ ಅಂಗಳಕ್ಕೆ ಓಡಿದೆ! ಕಾರ್ಡಿನಲ್ಲಿ ಏನಿದೆ? ಮಾಮಾ ಬಂದ ಮೇಲೆ. ವಿಮಾನದಲ್ಲಿ ಬಂದ ಮೇಲೆ ಎಂದು ಎಲ್ಲಿ ಬರೆದಿದ್ದೇನೆ? ಮಂಜು ಮುಗಿಯಲಿ. ಏಪ್ರಿಲ್‌ನಲ್ಲಿ ದೊಡ್ಡ ರಜೆ ತೆಗೆದುಕೊಳ್ಳಿ, ರೈಲಿನಲ್ಲಿ ಕಡಲೆ ತಿನ್ನುತ್ತ ಮೂರು ದಿನ ಬನ್ನಿ. ಆಗ ಮದುವೆ. ಹಿರಿಯರೆದುರು ಹೇಳಿಯೂಬಿಟ್ಟೆ. ಕಾಕಾ ಸಿಟ್ಟಿನಿಂದ ಕುಣಿದಾಡಿದರು.

"ಆಟ ಹಚ್ಚೀಯೇನು? ಊರ ಮಂದಿಗಿ ಕಾರ್ಡ್ ಹಂಚಿ ಈಗ ತಾರೀಖ ಬದಲ್ ಮಾಡ್ತಾಳಂತ! ಹುಡುಗನ ಕಡಿಯವರು ಸುಮ್ಮ ಕೂಡ್ತಾರೇನು?"

ಹುಡುಗ ಅಲ್ಲೇ ಕೂತಿದ್ದ. "ನಾ ಕಾಯ್ತೇನಿರಿ. ಎಮ್ಮಿ ಈಯೋದು ಕಾಯ್ದು ಕಾಯ್ದು ರೂಢಿ ಆಗೇದ," ಎಂದ.

ಅಪ್ಪ ಎದ್ದು ಹೊರಗೆ ಹೋದರು. ಇರಲಿ, ಬರುತ್ತಾರೆ.

ನಿಮ್ಮ ಗುಟ್ಟಿಗೆ ನನ್ನದೊಂದು ಗುಟ್ಟು ಕೊಡುತ್ತೇನೆ. ಯಾರಿಗೂ ಹೇಳಿಲ್ಲ, ಫರ್ಹೀನಳಿಗೂ. ನನಗೆ ಅಂಜಿಕೆಯಾಗುತ್ತಿದೆ ಮಾಮಾ. ಸಂತಪುರವೇನು, ಬಸ್ಸಿನ ದಾರಿ. ಬೆಳಗ್ಗೆ ಹೋಗಿ ಸಂಜೆ ಬರಬಹುದು. ಸಾರಂಗನ ಮೇಲೆ ಒಂದು ಕೂದಲೆಳೆಯಷ್ಟೂ ಸಂಶಯವಿಲ್ಲ. ಆದರೂ ಆ ಬಸ್ಸನ್ನು ನೆನೆದರೆ ಅರ್ಧ ಕಟ್ಟಿದ ಪೆಟ್ಟಿಗೆಯನ್ನು ಮತ್ತೆ ಬಿಚ್ಚುತ್ತೇನೆ. ಊರಿಗೆಲ್ಲ ಭಾಷಣ ಬಿಗಿಯುವವಳು ಇದನ್ನು ಯಾರ ಮುಂದೆ ಹೇಳಲಿ? ಎಲ್ಲವನ್ನೂ ಬಿಟ್ಟವಳು ಮಾಮಾನನ್ನು ಯಾಕೆ ಬಿಡಲಿಲ್ಲ ಎಂದು ಕಾಕಾ ಕೇಳುತ್ತಲೇ ಇದ್ದಾರೆ. ಇದಕ್ಕೇ. ಎಲ್ಲರೂ ಎದುರಿಗೆ ನಿಂತು ನಮ್ಮನ್ನು ನೋಡುವಾಗ ಬೆನ್ನ ಹಿಂದೆ ಒಬ್ಬರು, ಗಾಡಿ ಚಾಲೂ ಇಟ್ಟುಕೊಂಡು, ಸುಮ್ಮನೆ ನಿಂತಿರಬೇಕು ಅನ್ನಿಸಿತು. ಅಂಜದವರೇ ಬೇಕೆಂದಿಲ್ಲ.

ಏಪ್ರಿಲ್ ಸರಿಯೇ? ಕೂಡಲೇ ಬರೆಯಿರಿ.

ಸಾನಿ

*

ದಿಬ್ರುಗಢ
12 ಡಿಸೆಂಬರ್ 2025

ಸಾನಿ,

ತಾರೀಖು ಬದಲಿಸಬೇಡ. ಒವೈಸನಿಗೆ ಹೈದರಾಬಾದಿಗೆ ಬರಲು ಹೇಳು. ಇದಕ್ಕಿಂತ ಹೆಚ್ಚು ಬರೆದರೆ ಮನಸ್ಸು ಬದಲಾದೀತು.

ಪಾಂಡುರಂಗ

*

ಕೋಲ್ಕತ್ತಾ, ವಿಮಾನ ನಿಲ್ದಾಣ
21 ಡಿಸೆಂಬರ್ 2025, ಬೆಳಗ್ಗೆ

ಸಾನಿ,

ಹಾರಿದೆ! ನಿನ್ನ ಮಾಮಾ ಹಾರಿದ!

ನಿನ್ನೆಯೇ ನಿಮ್ಮಲ್ಲಿ ಇರಬೇಕಿತ್ತು. ಮಂಜಿನಿಂದ ನಮ್ಮ ವಿಮಾನ ಬಿಟ್ಟದ್ದೇ ಕತ್ತಲಾಗುವ ಹೊತ್ತಿಗೆ, ಇಲ್ಲಿಗೆ ಬರುವಷ್ಟರಲ್ಲಿ ಮುಂದಿನದು ಹೋಗಿತ್ತು. ಒವೈಸನಿಗೂ ಅಕ್ಕನಿಗೂ ಫೋನಿನಲ್ಲಿ ಹೇಳಿದ್ದೇನೆ. ಈ ಸಲ ಹೂಂ ಹೂಂ ಅನ್ನಲಿಲ್ಲ, ಅಕ್ಕ ಸಾಕು ಎನ್ನುವವರೆಗೆ ಮಾತಾಡಿದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ಕೊಡುತ್ತೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದೀತು ಎಂದು ಬರೆಯುತ್ತಿದ್ದೇನೆ.

ಸೀಟು ಕಿಟಕಿಯ ಪಕ್ಕವೇ ಬಂತು. ಬೆಲ್ಟನ್ನು ಎರಡು ಸಲ ಬಿಗಿದುಕೊಂಡೆ. ಗೊಂಬೆಯ ಹಾಗೆ ಕೂತೆ. ಕಣ್ಣು ಮುಚ್ಚಿಯೇ ಇರಬೇಕೆಂದುಕೊಂಡಿದ್ದೆ, ಯಾಕೋ ಒಮ್ಮೆ ತೆರೆದೆ. ಓಡುದಾರಿಯ ಬದಿಗೆ, ಮಂಜಿನಲ್ಲಿ, ನಮ್ಮ ಗಾಡಿ ನಿಂತಿತ್ತು! ದೀಪ ಹಚ್ಚಿಕೊಂಡು, ಇಂಜಿನ್ ಚಾಲೂ. ಹುಡುಗರು ಗಾಡಿಯ ಮೇಲೆ ಹತ್ತಿ ಎರಡೂ ಕೈ ಬೀಸುತ್ತಿದ್ದರು. ಹಾಗೆ ಮಾಡುವುದು ನಿಯಮಕ್ಕೆ ವಿರುದ್ಧ. ನಾನಿದ್ದಿದ್ದರೆ ಬೈಯುತ್ತಿದ್ದೆ.

ಸಾನಿ, ಆ ಗಾಡಿಯಲ್ಲಿ ಕೂತು ಅಷ್ಟು ವರ್ಷ ಬೆಂಕಿಯನ್ನೇ ಯೋಚಿಸಿದೆ. ಮೇಲೆ ಕೂತವರಿಗೆ ಅದು ಹೇಗೆ ಕಾಣುತ್ತದೆ ಎಂದು ಯೋಚಿಸಿರಲಿಲ್ಲ. ಯಾರೋ ನಿಂತಿದ್ದಾರೆ, ನನಗಾಗಿ ನಿಂತಿದ್ದಾರೆ. ಅಷ್ಟೇ ಕಾಣುತ್ತದೆ. ಅಂಜಿಕೆ ಹೋಗಲಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು.

ಹೈದರಾಬಾದಿಗೆ ಕರೆಯುತ್ತಿದ್ದಾರೆ. ಈ ಸಲವೂ ಕಿಟಕಿಯೇ. ನಾನೇ ಕೇಳಿ ತೆಗೆದುಕೊಂಡೆ!

ಮಾಮಾ

*

ಸಂತಪುರ
24 ಡಿಸೆಂಬರ್ 2025

ಪ್ರೀತಿಯ ಮಾಮಾ,

ನೀವು ಇಂದು ಮತ್ತೆ ಆಕಾಶದಲ್ಲಿ ಇರುತ್ತೀರಿ. ಈ ಕಾಗದ ಮುಟ್ಟುವಾಗ ಹಳೆಯ ಪಾಳಿಗೆ ಹತ್ತಿರುತ್ತೀರಿ. ನೀವು ಬರುವ ಮೊದಲು ಮದುವೆಯ ಹಾಲ್‌ನಲ್ಲಿ ಏನಾಯಿತೆಂದು ನಿಮಗೆ ಗೊತ್ತಾಗಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಧ್ಯಾಹ್ನವಾಯಿತು, ನೀವಿಲ್ಲ. ಜನ ಕೂತಲ್ಲೇ ಆಕಳಿಸತೊಡಗಿದರು. ಅವ್ವ ಬಾಗಿಲಿಗೂ ಅಡುಗೆಮನೆಗೂ ಓಡಾಡಿದಳು. ಆಗ ಮಚ್ಛೇಂದ್ರ ಕಾಕಾ ಎದ್ದರು, ನಾನು ಜಗಳಕ್ಕೆ ಸೆರಗು ಕಟ್ಟಿದೆ. ಆದರೆ ಅವರು ಮಂದಿಯ ಕಡೆ ತಿರುಗಿದರು.

"ಏಳ್ರಿ, ಉಂಡು ಬರೋಣು. ಮದುವಿ ಆಮ್ಯಾಲ. ಮುಹೂರ್ತ ಮೀರಿತು ಅನ್ನಾಕೂ ಬರಂಗಿಲ್ಲಲ್ರಿ ಇಲ್ಲಿ! ಇಂಥಾ ಆರಾಮ ಮದುವಿ ನಾ ಎಂದೂ ನೋಡಿಲ್ಲ."

ಊರಿಗೆ ಊರೇ ಮೊದಲು ಉಂಡಿತು. ವಜೀರಬೀ ಎರಡು ಸಲ ಉಂಡರು, ಎರಡನೆಯದು ನಿಮ್ಮ ಸಾಹೇಬರ ಹೆಸರಿನಲ್ಲಂತೆ. ಬಿಸಿಲು ಇಳಿಯುವ ಹೊತ್ತಿಗೆ ಹೊರಗಿನಿಂದ ಒವೈಸನ ಹಾರ್ನು ಕೇಳಿತು, ಒಂದೇ ಸಮನೆ. ಫರ್ಹೀನ ಕಿರುಚಿದಳು. ನಾನೂ ಕಿರುಚಿದೆನಂತೆ, ನೆನಪಿಲ್ಲ. ಆಗ ಇಡೀ ಹಾಲಿಗೆ ಕೇಳುವಂತೆ ಕೂಗಿದವರು ಯಾರು ಹೇಳಿ? ಅದೇ ಕಾಕಾ!

"ಮಾಮಾ, ಹುಡುಗಿನ್ನ ಕರಕೊಂಡು ಬರ್ರಿ!"

ನೀವು ಮುಖವನ್ನೂ ತೊಳೆಯದೆ ನೆಟ್ಟಗೆ ಬಂದಿರಿ. ನನ್ನ ಕೈ ಹಿಡಿದಿರಿ. ಮಂದಿಯ ನಡುವೆ ನಡೆಸಿಕೊಂಡು ಬಂದಿರಿ. ಆಮೇಲೆ ನೀವು ಹಿಂದೆ ನಿಂತಿರಿ. ತಿರುಗಿ ನೋಡಲಿಲ್ಲ, ಬೇಕಾಗಲಿಲ್ಲ. ಜೀಪಿನ ಧೂಳಿನ ವಾಸನೆ ಬರುತ್ತಿತ್ತು.

ಮರುದಿನ ರುಜು ಆದ ಮೇಲೆ ಭಾಲ್ಕಿಯ ನಿಲ್ದಾಣದಲ್ಲಿ ನಮ್ಮ ಬಸ್ಸು ಹೊರಟಾಗ ಎಲ್ಲರೂ ಕೈ ಬೀಸಿ ತಿರುಗಿದರು. ಅವ್ವನೂ ಕಣ್ಣೊರೆಸಿಕೊಂಡು ತಿರುಗಿದಳು. ನಾನು ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದೆ. ನೀವು ಕೈ ಬೀಸಲಿಲ್ಲ, ಅಲ್ಲಾಡಲೂ ಇಲ್ಲ. ಬಸ್ಸು ತಿರುವು ದಾಟುವವರೆಗೂ ರಸ್ತೆಯ ಬದಿಗೆ ನೆಟ್ಟಗೆ ನಿಂತೇ ಇದ್ದಿರಿ. ಆಮೇಲೂ ನಿಂತಿದ್ದಿರಿ ಎಂದು ನನಗೆ ಗೊತ್ತು.

ಇಲ್ಲಿ ಎಲ್ಲ ಚೆನ್ನಾಗಿದೆ. ಮನೆ ತುಂಬ ಜನ. ಸಾರಂಗ ಈಗಷ್ಟೇ ಯಾರದೋ ಎಮ್ಮೆ ನೋಡಲು ಓಡಿದ. ನಾಳೆ ಈ ಓಣಿಯ ಹೆಂಗಸರನ್ನು ಓದುಗರ ಕೂಟಕ್ಕೆ ಕರೆದಿದ್ದೇನೆ.

ಇನ್ನು ಗಾಡಿ ಬಂದ್ ಮಾಡಿ, ಮಾಮಾ. ನಾನು ಸುಖವಾಗಿ ಮುಟ್ಟಿದೆ.

ನಿಮ್ಮ ಸಾನಿ